ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಬೋಟು: ಬೋಟ್ ಸುಮಾರು, ಕಲ್ಲು ಸೂಪರ್

ಹೋದ ಡಿಸೆಂಬರಲ್ಲಿ ಅಮ್ಮ, ನಾನು, ನನ್ನ ಮಗ ಮೂರು ಜನ ಉಡುಪಿಗೆ ಹೋಗಿದ್ವಿ, ಕೃಷ್ಣನ ದರ್ಶನ ಮುಗಿಸ್ಕೊಂಡು ಸೀದಾ ಮಲ್ಪೆ. ಭಾನುವಾರ ಬೇರೆ, ಕೇಳ್ಬೇಕಾ, ಬೋಟಿನ ಕ್ಯೂನಲ್ಲೇ ಮುಕ್ಕಾಲು ಗಂಟೆ, ಜನ ತುಂಬೋ ತನಕ ಬೋಟ್ ಬಿಡಲ್ಲ ಅಂತ ಮೊದ್ಲೇ ಹೇಳಿದ್ರೆ ನಾವು ಎಲ್ಲಾದ್ರೂ ನೆರಳಲ್ಲಿ ಕೂತು ಎಳನೀರು ಕುಡೀತಿದ್ವಿ. ಟಿಕೆಟ್ ರೇಟ್ ಬಗ್ಗೆ ನನ್ನ ತಕರಾರಿಲ್ಲ. ಲೈಫ್ ಜಾಕೆಟ್ ಎಲ್ರಿಗೂ ಕೊಟ್ರು, ಅದು ಒಳ್ಳೇದೇ, ಆದ್ರೆ ನನಗೆ ಸಿಕ್ಕಿದ್ದು ಹಿಂದಿನವರ ಬೆವರಲ್ಲಿ ಒದ್ದೆ ಆಗಿತ್ತು, ಬಕಲ್ಲೂ ಮುರಿದಿತ್ತು, ಲಾಡಿ ಥರ ಗಂಟು ಹಾಕ್ಕೊಂಡು ಕೂತೆ.

ದ್ವೀಪ ದೂರ ಏನಿಲ್ಲ, ಮಲ್ಪೆ ದಡದಿಂದ ಸುಮಾರು 6 ಕಿಲೋಮೀಟರ್. ದಾರಿ ಉದ್ದಕ್ಕೂ ಸ್ಪೀಕರಲ್ಲಿ ಕಿವಿ ಕಿತ್ತೋಗೋ ಹಾಗೆ ಹಾಡು, ಮಧ್ಯೆ ಮೈಕ್ ಹಿಡ್ಕೊಂಡವ್ರು "ವಾಸ್ಕೋ ಡ ಗಾಮ ಇಂಡಿಯಾದಲ್ಲಿ ಫಸ್ಟ್ ಕಾಲಿಟ್ಟ ಜಾಗ ಇದು" ಅಂದ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅದು ತಪ್ಪು ಮಾರಾಯ್ರೇ. ಆತ 1498ರ ಮೇ ತಿಂಗಳಲ್ಲಿ ಬಂದಿಳಿದಿದ್ದು ಕೋಝಿಕ್ಕೋಡ್ ಹತ್ರ. ಅಲ್ಲಿ ಸಾಮೂದಿರಿ ರಾಜನ ಜೊತೆ ಸರಿಹೋಗದೆ ವಾಪಸ್ ಹೊರಟು, ಕರಾವಳಿ ಹಿಡಿದು ಉತ್ತರಕ್ಕೆ ಬರ್ತಾ ಸೆಪ್ಟೆಂಬರಲ್ಲಿ ಇಲ್ಲಿನ ದ್ವೀಪದಲ್ಲಿ ಒಂದು ಕಲ್ಲಿನ ಕಂಬ ನೆಡಿಸಿ ಸಾಂತಾ ಮರಿಯಾ, ಅಂದ್ರೆ ಸಂತ ಮೇರಿ, ಅಂತ ಹೆಸರಿಟ್ಟ, ಆಮೇಲೆ ಕಾರವಾರದ ಎದುರಿಗಿರೋ ಅಂಜುದೀವ್ ಕಡೆ ಹೋದ. ಸೇಂಟ್ ಮೇರೀಸ್ ಅನ್ನೋ ಹೆಸರು ಬಂದಿದ್ದು ಹಾಗೆ. ಊರಿನವ್ರ ಬಾಯಲ್ಲಿ ಇದಕ್ಕೆ ತೋನ್ಸೆಪಾರ್ ಅಂತ್ಲೂ ಹೆಸರಿದೆ, ನನಗೆ ಅದೇ ಇಷ್ಟ ಆಯ್ತು.

ದೊಡ್ಡ ಬೋಟು ಸ್ವಲ್ಪ ದೂರದಲ್ಲೇ ನಿಲ್ತು, ಅಲ್ಲಿಂದ ಸಣ್ಣ ಬೋಟಿಗೆ ಇಳೀಬೇಕು. ಅಮ್ಮಂಗೆ ಮಂಡಿನೋವು, ಹೆದರಿಬಿಟ್ರು. ಆದ್ರೆ ಆ ಸಣ್ಣ ಬೋಟಿನ ಹುಡುಗ "ಅಮ್ಮ, ನಿಧಾನ, ಜಾರ್ತದೆ, ನನ್ನ ಕೈ ಹಿಡ್ಕೊಳ್ಳಿ" ಅಂತ ಮೊಣಕಾಲುದ್ದ ನೀರಲ್ಲಿ ನಿಂತು ಇಳಿಸ್ದ. ಅವನೊಬ್ಬನಿಗೆ ಐದು ಸ್ಟಾರ್ ಕೊಡ್ತೀನಿ. ಒಂದೇ ಬೇಜಾರು, ಲಾವಾ ಆರಿ ತಾನಾಗೇ ಆಗಿರೋ ಕಲ್ಲಿನ ಕಂಬಗಳು ಈ ದ್ವೀಪದಲ್ಲಿವೆ, ಅವು ಯಾವ ಕಡೆ ಚೆನ್ನಾಗಿವೆ ಅಂತ ಕೇಳಿದ್ರೆ ನಕ್ಕುಬಿಟ್ಟು "ಕಲ್ಲಲ್ಲಿ ಎಂತ ನೋಡ್ಲಿಕ್ಕುಂಟು, ಬೀಚ್ ಆಚೆ ಬದಿಗೆ" ಅಂದ.

ಬೀಚ್ ನೋಡೋಕೆ ಇಷ್ಟು ದೂರ ಬರ್ಬೇಡಿ, ಮಲ್ಪೆಯಲ್ಲೇ ಇದಕ್ಕಿಂತ ಚೆನ್ನಾಗಿರೋ ಮರಳಿದೆ, ಇಲ್ಲಿ ಇರೋದೆಲ್ಲ ಜಾಸ್ತಿ ಚಿಪ್ಪೇ. ನೋಡ್ಬೇಕಾಗಿರೋದೇ ಕಲ್ಲು. ಯಾರೋ ಕುಶಲದ ಆಚಾರಿಗಳು ಕೆತ್ತಿ ಒಂದರ ಪಕ್ಕ ಒಂದು ಒತ್ತಿ ನಿಲ್ಲಿಸಿರೋ ಹಾಗೆ ಕಂಬಗಳು, ಕೆಲವು ನಮಗಿಂತ ಎಷ್ಟೋ ಎತ್ತರ, ಕೆಲವು ಮುರಿದು ಮೆಟ್ಟಿಲ ಥರ ಆಗಿವೆ. ಮಗ ಒಂದೊಂದರ ತಲೆ ಮೇಲೂ ಬೆರಳಿಟ್ಟು ಮೂಲೆ ಎಣಿಸ್ತಾ ಹೋದ, ಆರು, ಆರು, ಐದು, ಮತ್ತೆ ಆರು, ಒಂದು ಕಡೆ ಏಳು ಸಿಕ್ಕಿದ್ದಕ್ಕೆ ಕಿರುಚಿದ್ದೇ ಕಿರುಚಿದ್ದು. ಬೇಸಿಗೇಲಿ ಕೆರೆ ಒಣಗಿದಾಗ ಮಣ್ಣು ಬಿರಿಯುತ್ತಲ್ಲ, ಅದೇ ಲೆಕ್ಕ ಇಲ್ಲೂ. ಲಾವಾ ಆರ್ತಾ ಆರ್ತಾ ಕುಗ್ಗುತ್ತೆ, ಮೇಲ್ಮೈಯಲ್ಲಿ ಬಿರುಕು ಬಿಡುತ್ತೆ, ಒಳಗಡೆ ತಣ್ಣಗಾದ ಹಾಗೆಲ್ಲ ಆ ಬಿರುಕೂ ಒಳಕ್ಕೆ ಇಳೀತಾ ಹೋಗುತ್ತೆ, ಹಂಗಾಗಿ ಕಂಬ. ಎಷ್ಟೋ ಕಡೆ ಇದನ್ನ ಬಸಾಲ್ಟ್, ಅಂದ್ರೆ ಸಿಲಿಕಾ ಕಮ್ಮಿ ಇರೋ ಕಪ್ಪು ಲಾವಾ ಕಲ್ಲು, ಅಂತ ಬರೆದಿರ್ತಾರೆ, ಅದಲ್ಲ, ಇದು ರಯೋಲೈಟ್ ಜಾತಿ ಕಲ್ಲು, ಸಿಲಿಕಾ ಜಾಸ್ತಿ ಇರೋದು. ವಯಸ್ಸು ಸುಮಾರು 8.8 ಕೋಟಿ ವರ್ಷ, ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟ್ಕೊಂಡಿದ್ದು ಬಿಟ್ಟು ದೂರ ಹೋಗ್ತಿದ್ದ ಕಾಲ, ಆ ಬಿರುಕಲ್ಲಿ ಉಕ್ಕಿದ ಲಾವಾ ಇದು. ದಖ್ಖನ್ ಪ್ರಸ್ಥಭೂಮಿಯ ಲಾವಾಗಿಂತ್ಲೂ ಸುಮಾರು 2 ಕೋಟಿ ವರ್ಷ ಹಳೇದು. ಇದನ್ನೆಲ್ಲ ಅಮ್ಮಂಗೆ ಹೇಳಿದ್ರೆ "ಮಡಗಾಸ್ಕರ್ ಹೋದ್ರೆ ಹೋಗ್ಲಿ, ನೀನು ಆ ಪಾಚಿ ಮೇಲೆ ಕಾಲಿಡ್ಬೇಡ" ಅಂದ್ರು. ಅವರು ಹೇಳಿದ್ದೂ ಸರಿನೇ, ನೀರಿನ ಅಂಚಲ್ಲಿ ಕಲ್ಲಿಗೆ ಅಂಟಿರೋ ಚಿಪ್ಪು ಬ್ಲೇಡ್ ಥರ ಇದೆ, ನನ್ನ ಹವಾಯಿ ಚಪ್ಪಲಿ ಪಕ್ಕಕ್ಕೇ ಸೀಳಿಹೋಯ್ತು.

ಈಗ ಕೋಪದ ವಿಷಯ. ಟಿಕೆಟ್ ಕೊಡುವಾಗ ಒಂದು ಗಂಟೆ ಅಂದಿದ್ರು, ನಲವತ್ತೇ ನಿಮಿಷಕ್ಕೆ ವಿಷಲ್ ಊದಿ ಬನ್ನಿ ಬನ್ನಿ ಅಂದ್ರು. ಕೇಳಿದ್ದಕ್ಕೆ "ಇನ್ನೊಂದು ಟ್ರಿಪ್ ಉಂಟು" ಅನ್ನೋ ಉತ್ತರ. ನಿಮ್ಮ ಟ್ರಿಪ್ ಕಟ್ಕೊಂಡು ನಮಗೇನ್ರೀ? ದಕ್ಷಿಣದ ಕಡೆ ಕಲ್ಲು ನೋಡೋಕೇ ಆಗ್ಲಿಲ್ಲ. ಪಕ್ಕದಲ್ಲೇ ದರಿಯಾ ಬಹದ್ದೂರ್‌ಗಢ ಅಂತ ಇನ್ನೊಂದು ದ್ವೀಪ ಇದೆ, ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ್ದು, ಅಲ್ಲಿಗೆ ಕರ್ಕೊಂಡು ಹೋಗಿ ಅಂದ್ರೆ ಇಲ್ಲವೇ ಇಲ್ಲ, ಟೂರಿಸ್ಟ್ ಬೋಟೆಲ್ಲ ಕೋಕನಟ್ ಐಲ್ಯಾಂಡಿಗೆ, ಅಂದ್ರೆ ನಾವು ಇಳಿದ ಇದೇ ದ್ವೀಪಕ್ಕೆ ಮಾತ್ರ.

ಬೆಂಗಳೂರಿನವ್ರು ಲಾಲ್‌ಬಾಗ್ ಬಂಡೆ ಹತ್ರ ಜಿಯಾಲಾಜಿಕಲ್ ಸರ್ವೆಯವರ ಬೋರ್ಡ್ ನೋಡಿರ್ತೀರಲ್ಲ, 300 ಕೋಟಿ ವರ್ಷದ ಕಲ್ಲು ಅಂತ, ಅದೂ ಇದೂ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೇ, ಚಿತ್ರದುರ್ಗ ಕಡೆ ಮರಡಿಹಳ್ಳಿ ದಿಂಬು ಲಾವಾನೂ (ನೀರೊಳಗೆ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ) ಅದೇ ಲಿಸ್ಟಲ್ಲಿದೆ. ನನ್ನ ಮಗ ಈಗ ಮರಡಿಹಳ್ಳಿ ಯಾವಾಗ ಅಂತ ಪ್ರಾಣ ತಿಂತಿದಾನೆ.

ಹೋಗೋರು ವಾರದ ಮಧ್ಯೆ ಬೆಳಿಗ್ಗೆ ಮೊದಲ ಬೋಟಿಗೇ ಹೋಗಿ, ಮಳೆಗಾಲದಲ್ಲಿ ಬೋಟ್ ಬಂದ್. ಹಿಂದೆ ಪಟ್ಟಿ ಇರೋ ಚಪ್ಪಲಿ ಹಾಕ್ಕೊಳ್ಳಿ, ನೀರು, ಟೋಪಿ ತಗೊಳ್ಳಿ, ಟಿಕೆಟ್ ತಗೊಳ್ಳುವಾಗಲೇ ದ್ವೀಪದಲ್ಲಿ ಎಷ್ಟು ಹೊತ್ತು ಬಿಡ್ತೀರಿ ಅಂತ ಗಟ್ಟಿಯಾಗಿ ಕೇಳಿ, ಸುತ್ತ ನಾಲ್ಕು ಜನಕ್ಕೆ ಕೇಳ್ಸೋ ಹಾಗೆ.