ಕತ್ತಲಲ್ಲಿ ಕಯಾಕ್, ಗಾಳ ಮತ್ತು ಒಂದು ಹೆಡ್‌ಲ್ಯಾಂಪ್: ಎರಡು ಸೀಸನ್ ಬಳಸಿದ ಮೇಲೆ

ಉಡುಪಿಯ ಕೋಡಿ ಬೆಂಗ್ರೆ ಹತ್ತಿರ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಕಡೆ ನಾನು ಕಯಾಕ್‌ನಲ್ಲಿ ಕೂತು ಗಾಳ ಹಾಕುತ್ತೇನೆ. ಕಯಾಕ್ ಎಂದರೆ ಹುಟ್ಟು ಹಾಕಿ ನಡೆಸುವ ಸಣ್ಣ, ಕಿರಿದಾದ ದೋಣಿ. ನೀರಿಗೆ ಇಳಿಯುವುದು ನಸುಕಿನ 4 ಗಂಟೆಗೆ. ಬೆಳಕು ಹರಿಯುವ ಮುಂಚೆ ಜೀವಂತ ಸೀಗಡಿ ಕಟ್ಟಿ ಬಿಟ್ಟರೆ ಕೆಂಬೇರಿ ಮೀನು ಸಿಕ್ಕಿದ್ದು ನನಗೆ ಜಾಸ್ತಿ. ಹಾಗಾಗಿ ತಲೆಗೆ ಕಟ್ಟುವ ಲೈಟ್ ಒಳ್ಳೆಯದೇ ಬೇಕು.

ಮೊದಲು ಕೊಂಡ ಲೈಟಿನ ಡಬ್ಬಿ ಮೇಲೆ 1000 ಲ್ಯೂಮೆನ್ ಎಂದು ಬರೆದಿತ್ತು. ಲ್ಯೂಮೆನ್ ಎಂದರೆ ಲೈಟ್ ಎಷ್ಟು ಬೆಳಕು ಕೊಡುತ್ತದೆ ಎಂಬುದರ ಅಳತೆ. ಅದನ್ನೇ ನೋಡಿ ಕೊಂಡೆ. ಮಂಜು ಬಿದ್ದ ದಿನ ಹಚ್ಚಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಕಯಾಕ್‌ನ ಹಳದಿ ಮೂತಿಗೆ ಬಡಿದ ಬೆಳಕು ವಾಪಸ್ ನನ್ನ ಕಣ್ಣಿಗೇ. ಆರಿಸಿದರೆ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20-30 ನಿಮಿಷ ಬೇಕು. ಆ ಹೊತ್ತಲ್ಲೇ ಒಮ್ಮೆ ಬಲೆ ಕಟ್ಟುವ ಗೂಟಕ್ಕೆ ಹೋಗಿ ಗುದ್ದಿದೆ. ಇನ್ನೊಂದು ದಿನ ಎದುರಿಗೆ ಬಂದ ದೋಣಿಯವರು, "ಮಾರಾಯ್ರೇ, ಆ ಲೈಟ್ ಸ್ವಲ್ಪ ಕೆಳಗೆ ಮಾಡಿ, ನಮಗೆ ಏನೂ ಕಾಣುವುದಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ಕೊನೆಗೆ ಉಪ್ಪುನೀರು ಒಳಗೆ ಹೊಕ್ಕು, ಸೆಲ್ ಕೂರುವ ಸ್ಪ್ರಿಂಗ್ ಹಸಿರು ಹಿಡಿದು, ಅದು ಸತ್ತುಹೋಯಿತು.

ಈಗ ಬಳಸುತ್ತಿರುವುದು ಬ್ಲ್ಯಾಕ್ ಡೈಮಂಡ್ ಸ್ಪಾಟ್ 400. ಮೂರು ಎಎಎ ಸೆಲ್ ಸೇರಿಯೂ ತೂಕ 80 ಗ್ರಾಂ ದಾಟುವುದಿಲ್ಲ. ಹೆಚ್ಚೆಂದರೆ 400 ಲ್ಯೂಮೆನ್ ಬೆಳಕು. ನಿಜ ಹೇಳಬೇಕೆಂದರೆ ಅಷ್ಟೂ ಬೇಕಾಗುವುದು ದಡ ಹುಡುಕುವಾಗ ಮಾತ್ರ. ಉಳಿದ ಹೊತ್ತೆಲ್ಲ ತೀರಾ ತಗ್ಗಿಸಿಯೇ ಇಡುತ್ತೇನೆ. ತಗ್ಗಿಸಿಟ್ಟ ಮಟ್ಟವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಹಚ್ಚಿದಾಗ ಒಮ್ಮೆಲೇ ಕಣ್ಣಿಗೆ ರಾಚುವುದಿಲ್ಲ. ನನಗೆ ಇದೇ ದೊಡ್ಡ ಉಪಕಾರ.

ಕೆಂಪು ದೀಪವೂ ಇದೆ. ಕತ್ತಲಿಗೆ ಒಗ್ಗಿದ ಕಣ್ಣನ್ನು ಅದು ಕೆಡಿಸುವುದು ಕಡಿಮೆ, ಹುಳಗಳೂ ಮುಖಕ್ಕೆ ಅಷ್ಟಾಗಿ ಮುತ್ತುವುದಿಲ್ಲ. ಹುಟ್ಟು ಹಾಕುವಾಗ, ಡಬ್ಬಿಯಿಂದ ಸೀಗಡಿ ಹೆಕ್ಕುವಾಗ ಕೆಂಪೇ ಸಾಕು. ಆದರೆ ಎಲ್ಲದಕ್ಕೂ ಅಲ್ಲ. ಕೆಂಪು ಬೆಳಕಲ್ಲಿ ಕೆಂಪು ಯಾವುದು, ಬಿಳಿ ಯಾವುದು ಗೊತ್ತಾಗುವುದಿಲ್ಲ. ಕೆಂಬೇರಿಯ ಕೆಂಪು ಮೈ ಬಿಳಿಚಿದ ಹಾಗೆ ಕಾಣುತ್ತದೆ. ಬೆರಳು ಕುಯ್ದು ರಕ್ತ ಬಂದರೂ ಬರೀ ನೀರು ಅನಿಸುತ್ತದೆ. ಒಂದು ಬೆಳಗ್ಗೆ ಗಾಳಕ್ಕೆ ತೇಡೆ ಮೀನು ಬಿತ್ತು. ಅದರ ಬೆನ್ನಲ್ಲೊಂದು, ಎರಡೂ ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳು. ಕೆಂಪು ಬೆಳಕಲ್ಲೇ ಹಿಡಿಯಲು ಹೋದೆ, ಪಕ್ಕದ ಮುಳ್ಳು ಎಲ್ಲಿದೆ ಎಂದೇ ಕಾಣಲಿಲ್ಲ. ಕೈ ಹಿಂದಕ್ಕೆ ತೆಗೆದು, ಸಣ್ಣ ಬಿಳಿ ಬೆಳಕು ಹಚ್ಚಿಕೊಂಡು, ಇಕ್ಕಳದಲ್ಲಿ ಗಾಳ ಬಿಡಿಸಿದೆ. ಅವತ್ತಿನಿಂದ ಮೀನು ಮುಟ್ಟುವ ಮುಂಚೆ ಬಿಳಿ ದೀಪ. ತಂಗೂಸಿಗೆ ಗಂಟು ಹಾಕುವಾಗಲೂ ಅಷ್ಟೇ.

ಈಗ ನೀರಿನ ವಿಷಯ. ಇದಕ್ಕೆ ಐಪಿಎಕ್ಸ್8 ಎಂದಿದೆ. ಐಪಿಎಕ್ಸ್ ಎಂದರೆ ನೀರನ್ನು ಎಷ್ಟು ತಾಳುತ್ತದೆ ಎಂಬ ಗುರುತು, 8 ಎಂದರೆ ನೀರಲ್ಲಿ ಮುಳುಗಿದರೂ ತಾಳುತ್ತದೆ ಎಂದು. ಐಪಿಎಕ್ಸ್4 ಎಂದರೆ ನೀರು ಸಿಡಿದರೆ ತೊಂದರೆಯಿಲ್ಲ ಎಂದಷ್ಟೇ, ಕಯಾಕ್ ಮಗುಚಿದರೆ ಅದು ಸಾಲುವುದಿಲ್ಲ. ಆದರೆ 8 ಇದ್ದರೂ ನಿಶ್ಚಿಂತೆ ಬೇಡ. ಮುಳುಗಿದರೆ ಸೆಲ್ ಇರುವ ಜಾಗಕ್ಕೆ ನೀರು ಹೋಗಬಹುದು, ತೆರೆದು ಪೂರ್ತಿ ಒಣಗಿಸಿ ಎಂದು ತಯಾರಕರೇ ಹೇಳುತ್ತಾರೆ. ಆ ಪರೀಕ್ಷೆಗಳು ಸಿಹಿನೀರಿನವು, ನಮ್ಮದು ಉಪ್ಪುನೀರು. ಅದಕ್ಕೇ ಮನೆಗೆ ಬಂದ ಕೂಡಲೇ ನಲ್ಲಿ ನೀರಲ್ಲಿ ತೊಳೆಯುತ್ತೇನೆ. ಆಮೇಲೆ ಮುಚ್ಚಳ ತೆಗೆದು, ಸೆಲ್ ಹೊರಗಿಟ್ಟು, ಒಳಗೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸುತ್ತೇನೆ. ತಲೆಪಟ್ಟಿ ಬಿಚ್ಚಿ ಬೇರೆ ತೊಳೆಯಬೇಕು. ಉಪ್ಪು ಕುಡಿದ ಪಟ್ಟಿ ಹಣೆ ಉಜ್ಜಿ ಕೆಂಪಾಗಿಸುತ್ತದೆ. ಮಳೆಗಾಲದಲ್ಲಿ ನಾನು ನೀರಿಗೆ ಇಳಿಯುವುದಿಲ್ಲ. ಜೂನ್ ಬರುವ ಮುಂಚೆ ಸೆಲ್ ತೆಗೆದಿಡುತ್ತೇನೆ, ಆಲ್ಕಲೈನ್ ಸೆಲ್ ಒಳಗೇ ಬಿಟ್ಟರೆ ಸೋರಬಹುದು. ಎರಡು ಸೀಸನ್ ಆದರೂ ಸ್ಪ್ರಿಂಗ್ ಇನ್ನೂ ಹೊಳೆಯುತ್ತಿದೆ.

ಬ್ಯಾಗಿನಲ್ಲಿ ತಾನಾಗಿ ಹತ್ತಿಕೊಳ್ಳದಂತೆ ಲಾಕ್ ಮಾಡಬಹುದು. ತಲೆಯಿಂದ ಜಾರಿದರೆ ಹೊಳೆಯ ಪಾಲಾಗದಿರಲಿ ಎಂದು ಪಟ್ಟಿಯಿಂದ ಲೈಫ್ ಜಾಕೆಟ್‌ಗೆ ಒಂದು ದಾರ ಕಟ್ಟಿದ್ದೇನೆ.

ಇನ್ನೊಂದು ಮಾತು. ಹೆಡ್‌ಲ್ಯಾಂಪ್ ಇದೆ ಎಂದು ಕಯಾಕ್‌ನ ದೀಪ ಬಿಡಬೇಡಿ. ನಾವು ಹಿಂದೆ ತಿರುಗಿದರೆ ಎದುರಿನ ದೋಣಿಗೆ ಹಣೆಯ ಬೆಳಕು ಕಾಣುವುದೇ ಇಲ್ಲ. ಹುಟ್ಟು ಹಾಕುವ ದೋಣಿಯಲ್ಲಿ ಡಿಕ್ಕಿ ತಪ್ಪಿಸಲು ಬಿಳಿ ಬೆಳಕಿನ ಟಾರ್ಚ್ ಕೈಗೆ ಸಿಗುವಂತಿರಬೇಕು ಎಂದು ಅಂತರರಾಷ್ಟ್ರೀಯ ಸಾಗರ ನಿಯಮವೇ ಹೇಳುತ್ತದೆ. ನಾನು ಸೀಟಿನ ಹಿಂದೆ ಕೋಲು ನೆಟ್ಟು, ಸುತ್ತಲೂ ಕಾಣುವ ಬಿಳಿ ದೀಪ ಕಟ್ಟಿದ್ದೇನೆ. ಅದು ನನ್ನ ತಲೆಗಿಂತ ಮೇಲಿದೆ, ಬೆನ್ನ ಹಿಂದಿದೆ, ನನ್ನ ಕಣ್ಣಿಗೆ ಬಡಿಯುವುದಿಲ್ಲ. ಈಗ ದೋಣಿಯವರು ದೂರದಿಂದಲೇ ನೋಡಿ, ಪಕ್ಕಕ್ಕೆ ಸರಿದು ಹೋಗುತ್ತಾರೆ.