ಕಂಪ್ಯೂಟರ್ ಸೈನ್ಸ್ ಪದವಿಗೆ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳು: ಗದಗಿನ ತಂದೆಯೊಬ್ಬನ ವಿಮರ್ಶೆ

ನನ್ನ ಮಗಳು ಪಿಯುಸಿ ವಿಜ್ಞಾನ ಮುಗಿಸಿ ಕಂಪ್ಯೂಟರ್ ಸೈನ್ಸ್ ಓದುವುದಾಗಿ ನಿಶ್ಚಯಿಸಿದ ವರ್ಷ, ಸಿಇಟಿ ಮುಗಿದ ಮೇಲೆ ನಾವಿಬ್ಬರೂ ಶನಿವಾರಗಳಂದು ಗದಗಿನಿಂದ ಹೊರಟು ಹುಬ್ಬಳ್ಳಿ-ಧಾರವಾಡದ ಕಾಲೇಜುಗಳನ್ನು ಒಂದೊಂದಾಗಿ ನೋಡಿ ಬಂದೆವು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನಾದ್ದರಿಂದ ಕಟ್ಟಡಕ್ಕಿಂತ ಕಲಿಸುವ ಕ್ರಮದ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು. ಕಂಪ್ಯೂಟರ್ ಸೈನ್ಸ್ ವಿಭಾಗವೊಂದರ ಗುಣವನ್ನು ಅದರ ಲ್ಯಾಬ್ ಮತ್ತು ಅದರ ಪ್ರಶ್ನೆಪತ್ರಿಕೆ ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ ಎಂಬ ತೀರ್ಮಾನಕ್ಕೆ ಆ ಓಡಾಟದಲ್ಲಿಯೇ ಬಂದೆ.

ಮೊದಲು ಪ್ರವೇಶದ ಬಾಗಿಲುಗಳ ವಿಷಯ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಅನೇಕ ಪಾಲಕರಿಗೆ ಇದು ಪಿಯುಸಿ ಫಲಿತಾಂಶ ಬಂದ ಮೇಲೆಯೇ ತಿಳಿಯುತ್ತದೆ. 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಆರಂಭವಾಗಿ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಆವರಣದಲ್ಲಿರುವ ಐಐಟಿ ಧಾರವಾಡಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇಯ ಎರಡನೆಯ ಹಂತ, ಜೆಇಇ ಅಡ್ವಾನ್ಸ್ಡ್ ಬೇಕು. 2015ರಲ್ಲಿ ಆರಂಭವಾಗಿ ಈಗ ತಡಸಿನಕೊಪ್ಪದಲ್ಲಿ ನೆಲೆಗೊಂಡಿರುವ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಧಾರವಾಡಕ್ಕೆ ಅದರ ಮೊದಲ ಹಂತ, ಜೆಇಇ ಮೇನ್ ಬೇಕು. ಉಳಿದ ಕಾಲೇಜುಗಳಿಗೆ ರಾಜ್ಯದ ಸಿಇಟಿ ಅಥವಾ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಸಾಕು. ಜೆಇಇಯ ಸಿದ್ಧತೆಗೆ ಪಿಯುಸಿಯ ಎರಡೂ ವರ್ಷಗಳು ಬೇಕಾಗುವುದರಿಂದ, ಈ ಎರಡು ಸಂಸ್ಥೆಗಳ ವಿಚಾರವನ್ನು ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿಯೇ ಮಾಡಬೇಕು. ನನ್ನ ಮಗಳು ಜೆಇಇಗೆ ಓದಿರಲಿಲ್ಲ. ಆ ಎರಡು ಬಾಗಿಲುಗಳು ನಮಗೆ ಆಗಲೇ ಮುಚ್ಚಿದ್ದವು. ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ಇಂಥ ಸಂಸ್ಥೆಗಳಿದ್ದೂ ಅವುಗಳ ಪ್ರವೇಶದ ಕ್ರಮವನ್ನು ಸಕಾಲದಲ್ಲಿ ಅವಳಿಗೆ ಹೇಳಲಿಲ್ಲವೆಂಬ ನೋವು ನನ್ನಲ್ಲಿ ಇಂದಿಗೂ ಉಳಿದಿದೆ.

ಸಿಇಟಿಯ ಬಾಗಿಲಿನೊಳಗೆ ನಮ್ಮ ಮುಂದೆ ಮುಖ್ಯವಾಗಿ ಎರಡು ಹೆಸರುಗಳಿದ್ದವು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವನ್ನು ಜನ ಇನ್ನೂ ಬಿವಿಬಿ ಎಂದೇ ಕರೆಯುತ್ತಾರೆ. 1947ರಲ್ಲಿ ಸ್ಥಾಪನೆಯಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜೇ ಮುಂದೆ ವಿಶ್ವವಿದ್ಯಾಲಯವಾಗಿ ಬೆಳೆದದ್ದು. ಸುಧಾ ಮೂರ್ತಿಯವರು ಓದಿದ ಕಾಲೇಜು ಎಂದು ಗದಗಿನಲ್ಲಿ ಹೇಳಿದರೆ ಬೇರೆ ಪರಿಚಯ ಬೇಕಾಗುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯವಾದ್ದರಿಂದ ಪಠ್ಯಕ್ರಮ, ಪರೀಕ್ಷೆ, ಪದವಿ ಪ್ರಮಾಣಪತ್ರ ಮೂರೂ ಅದರವೇ. ಧಾರವಾಡದ ಧವಳಗಿರಿಯಲ್ಲಿರುವ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು 1979ರದು. ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಸ್ವಾಯತ್ತ ಕಾಲೇಜು. ಅಂದರೆ ಪಠ್ಯವನ್ನು ರೂಪಿಸುವುದು, ಪ್ರಶ್ನೆಪತ್ರಿಕೆ ತೆಗೆಯುವುದು, ಮೌಲ್ಯಮಾಪನ ಮಾಡುವುದು ಕಾಲೇಜಿನ ಕೆಲಸ. ಪದವಿ ಕೊಡುವುದು ವಿಟಿಯು.

ಈ ಸ್ವಾತಂತ್ರ್ಯ ಕಂಪ್ಯೂಟರ್ ಸೈನ್ಸ್‌ನಂತಹ ಬೇಗ ಬದಲಾಗುವ ವಿಷಯಕ್ಕೆ ಒಳ್ಳೆಯದೇ, ಏಕೆಂದರೆ ಹೊಸ ಪಾಠವೊಂದನ್ನು ಸೇರಿಸಲು ಇಡೀ ರಾಜ್ಯದ ಕಾಲೇಜುಗಳಿಗಾಗಿ ಕಾಯಬೇಕಾಗಿಲ್ಲ. ಆದರೆ ಕಲಿಸುವವರೇ ಪ್ರಶ್ನೆ ಕೇಳುವ ಕಡೆ ಪರೀಕ್ಷೆ ಸಡಿಲವಾಗುವ ಅಪಾಯವೂ ಇದೆ. ಆದ್ದರಿಂದ ಹೋದ ಕಡೆಯಲ್ಲೆಲ್ಲ ನಾನು ಗ್ರಂಥಾಲಯದಲ್ಲಿ ಹಿಂದಿನ ಮೂರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಕೇಳಿ ಪಡೆದು ಓದಿದೆ. 'ಆಪರೇಟಿಂಗ್ ಸಿಸ್ಟಮ್ ಎಂದರೇನು, ಅದರ ಕಾರ್ಯಗಳನ್ನು ವಿವರಿಸಿ' ಎಂಬಂಥ ಪ್ರಶ್ನೆಗಳೇ ವರ್ಷ ವರ್ಷವೂ ಮರಳಿ ಬರುತ್ತಿದ್ದರೆ ಅಲ್ಲಿ ಮಕ್ಕಳು ಕಂಠಪಾಠ ಮಾಡುತ್ತಾರೆ. ಹತ್ತು ಸಾಲಿನ ಪ್ರೋಗ್ರಾಂ ಕೊಟ್ಟು ಅದರಲ್ಲಿರುವ ತಪ್ಪನ್ನು ತೋರಿಸಲು ಹೇಳುವ, ಅಥವಾ ನಾಲ್ಕು ಪ್ರೊಸೆಸ್‌ಗಳ (ಗಣಕ ನಡೆಸಬೇಕಾದ ಕೆಲಸಗಳ) ಸಮಯ ಕೊಟ್ಟು ಯಾವುದನ್ನು ಮೊದಲು ನಡೆಸಿದರೆ ಸರಾಸರಿ ಕಾಯುವಿಕೆ ಕಡಿಮೆಯಾಗುತ್ತದೆಂದು ಲೆಕ್ಕ ಹಾಕಿಸುವ ಪತ್ರಿಕೆಯಿದ್ದರೆ ಅಲ್ಲಿ ಮಕ್ಕಳು ಯೋಚಿಸಲೇಬೇಕಾಗುತ್ತದೆ.

ಲ್ಯಾಬ್‌ಗಳಲ್ಲಿ ಕಂಡದ್ದನ್ನು ಕಾಲೇಜುಗಳ ಹೆಸರು ಹೇಳದೆಯೇ ಬರೆಯುತ್ತೇನೆ. ಒಂದು ಕಡೆ ಪ್ರೋಗ್ರಾಂ ಪೂರ್ತಿಯಾಗಿ ಬೋರ್ಡಿನ ಮೇಲಿತ್ತು. ಮೂವತ್ತು ಮಕ್ಕಳೂ ಅದನ್ನೇ ಟೈಪ್ ಮಾಡಿ, ಒಂದೇ ಉತ್ತರ ಪಡೆದು, ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೋದರು. ಎರಡು ಗಂಟೆಗಳಲ್ಲಿ ಯಾರೊಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಇನ್ನೊಂದು ಕಡೆ ನಾಲ್ಕನೆಯ ಸೆಮಿಸ್ಟರಿನ ಆಲ್ಗಾರಿದಮ್ ಲ್ಯಾಬ್ ನಡೆದಿತ್ತು. ಅತಿ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಮಿಗೆ ಹುಡುಗಿಯೊಬ್ಬಳು ಗದಗ, ಅಣ್ಣಿಗೇರಿ, ನವಲಗುಂದ, ಹುಬ್ಬಳ್ಳಿ, ಧಾರವಾಡಗಳನ್ನೇ ಬಿಂದುಗಳನ್ನಾಗಿ ಮಾಡಿಕೊಂಡಿದ್ದಳು. ಊರುಗಳನ್ನು ಸೊನ್ನೆಯಿಂದ ಎಣಿಸುವ ಬದಲು ಒಂದರಿಂದ ಎಣಿಸಿದ್ದರಿಂದ ಧಾರವಾಡಕ್ಕೆ ದಾರಿಯೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಅಧ್ಯಾಪಕಿ ಕೀಬೋರ್ಡ್ ಮುಟ್ಟಲಿಲ್ಲ. "ಕಾಗದದ ಮ್ಯಾಲೆ ಒಂದ ಸಲ ಕೈಯಿಂದ ನಡಸಿ ನೋಡವಾ, ಎಲ್ಲಿ ತಪ್ಪೈತಿ ನಿನಗ ಗೊತ್ತಾಗತೈತಿ" ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ಹುಡುಗಿ ಇಪ್ಪತ್ತು ನಿಮಿಷ ಕಾಗದದ ಮೇಲೆ ಅಂಕಿಗಳನ್ನು ಬರೆದು ಅಳಿಸಿ, ಕೊನೆಗೆ ತಪ್ಪನ್ನು ತಾನೇ ಹಿಡಿದಳು. ನನ್ನ ಮಗಳು ಅಷ್ಟು ಹೊತ್ತೂ ಅವಳ ಹಿಂದೆಯೇ ನಿಂತಿದ್ದಳು. ಕಲಿಸುವುದು ಎಂದರೆ ಇದು ಎಂದು ನನಗೆ ಅನಿಸಿತು, ಮತ್ತು ನನ್ನ ತರಗತಿಯಲ್ಲಿ ನಾನು ಎಷ್ಟು ಬೇಗ ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತೇನೆ ಎಂಬುದೂ ನೆನಪಾಯಿತು.

ಬ್ರಾಂಚಿನ ಹೆಸರುಗಳ ಬಗ್ಗೆ ಪಾಲಕರು ಅನಗತ್ಯವಾಗಿ ಗಾಬರಿಗೊಳ್ಳುತ್ತಾರೆ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಎಂದು ಹೆಸರು ಬೇರೆ ಬೇರೆಯಾದರೂ ಡೇಟಾ ಸ್ಟ್ರಕ್ಚರ್, ಆಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಎಂಬ ಬುನಾದಿ ಬಹುಮಟ್ಟಿಗೆ ಒಂದೇ. ತಾಂತ್ರಿಕ ಶಿಕ್ಷಣದ ಗುಣಮಟ್ಟ ಅಳೆಯುವ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಕೊಡುವ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಕೆಲವು ಬ್ಯಾಚ್‌ಗಳು ಓದಿ ಹೊರಬಂದ ಮೇಲೆಯೇ ಅದು ಸಾಧ್ಯ. ಆದ್ದರಿಂದ ಹೊಸ ಬ್ರಾಂಚಿನ ಮುಂದೆ ಕಾಲೇಜಿನ ಹಳೆಯ ಮಾನ್ಯತೆಯ ಫಲಕ ಇದ್ದರೆ, ಅದು ಯಾವ ಬ್ರಾಂಚಿನದು ಎಂದು ಕೇಳಲೇಬೇಕು.

ಪ್ಲೇಸ್‌ಮೆಂಟ್ ಕಚೇರಿಗಳಲ್ಲಿ ಎಲ್ಲರೂ ಹೇಳುವುದು ಸರಾಸರಿ ಸಂಬಳ. ಹತ್ತು ಮಕ್ಕಳಲ್ಲಿ ಒಬ್ಬರಿಗೆ 40 ಲಕ್ಷ, ಒಂಬತ್ತು ಮಂದಿಗೆ ತಲಾ 4 ಲಕ್ಷ ಸಿಕ್ಕರೆ ಸರಾಸರಿ 7.6 ಲಕ್ಷವಾಗುತ್ತದೆ, ಆದರೆ ಅಷ್ಟು ಸಂಬಳ ಪಡೆದವರು ಆ ಹತ್ತರಲ್ಲಿ ಯಾರೂ ಇಲ್ಲ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸಾಲಿನ ನಡುವೆ ನಿಂತವರ ಸಂಬಳ ಎಷ್ಟು, ಕೆಲಸಕ್ಕೆ ಹೆಸರು ನೋಂದಾಯಿಸಿದವರು ಎಷ್ಟು, ಸಿಕ್ಕವರು ಎಷ್ಟು ಎಂದು ಬ್ರಾಂಚುವಾರು ಕೇಳಿದರೆ ನಿಜವಾದ ಚಿತ್ರ ಸಿಗುತ್ತದೆ.

ಗದಗಿನಲ್ಲಿಯೇ 1997ರಲ್ಲಿ ಆರಂಭವಾದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿದೆ, ಪಕ್ಕದ ಹುಲಕೋಟಿಯಲ್ಲಿ ಇನ್ನೊಂದಿದೆ, ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಸರ್ಕಾರಿ ಕಾಲೇಜಿನ ಶುಲ್ಕ ಬಹಳ ಕಡಿಮೆ. ಹಾಸ್ಟೆಲಿನ ಖರ್ಚು ಭರಿಸಲಾಗದ ಮನೆಯವರು, ಅಥವಾ ಮನೆಯಿಂದಲೇ ಹೋಗಿ ಬರುವ ಮಕ್ಕಳು, ಇವುಗಳನ್ನು ಹಿಂದೆಮುಂದೆ ನೋಡದೆ ಪಟ್ಟಿಯಲ್ಲಿ ಸೇರಿಸಬೇಕು. ಎಂಜಿನಿಯರಿಂಗ್ ಬೇಡವೆನ್ನುವವರಿಗೆ ಮೂರು ವರ್ಷದ ಬಿಸಿಎ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂಸಿಎ ಮಾಡುವ ದಾರಿಯೂ ಗಟ್ಟಿಯಾದದ್ದೇ.

ಕೊನೆಯ ಪರೀಕ್ಷೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಕೊಡುವುದು. ನಮ್ಮ ರ‍್ಯಾಂಕಿಗೆ ಯಾವುದು ಸಿಗಬಹುದು ಎಂದು ಊಹಿಸಿ ಅದನ್ನೇ ಮೊದಲು ಬರೆಯುವುದು ಬಹಳ ಜನ ಮಾಡುವ ತಪ್ಪು. ಪರೀಕ್ಷಾ ಪ್ರಾಧಿಕಾರದ ಗಣಕವು ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ರ‍್ಯಾಂಕಿಗೆ ದಕ್ಕುವ ಮೊದಲನೆಯದನ್ನು ಕೊಡುತ್ತದೆ; ಆದ್ದರಿಂದ ಮನಸ್ಸಿಗೆ ಹಿಡಿಸಿದ್ದನ್ನೇ ಮೇಲೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಣಕು ಸೀಟು ಹಂಚಿಕೆಯ ನಂತರ ಕ್ರಮವನ್ನು ಬದಲಿಸುವ ಅವಕಾಶವೂ ಇರುತ್ತದೆ. ಮಗಳು ಬಿವಿಬಿಯನ್ನು ಮೊದಲು, ಎಸ್‌ಡಿಎಂ ಅನ್ನು ಎರಡನೆಯದಾಗಿ ಬರೆದಳು. ಮೊದಲ ಸುತ್ತಿನಲ್ಲಿ ಎರಡನೆಯದು ಸಿಕ್ಕಿತು. ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೂ ನಿಂತೆವು. ಅಲ್ಲಿಯೂ ಫಲಿತಾಂಶ ಬದಲಾಗಲಿಲ್ಲ.

ಈಗ ಅವಳು ಮೂರನೆಯ ಸೆಮಿಸ್ಟರಿನಲ್ಲಿದ್ದಾಳೆ. ರಜೆಗೆ ಬಂದಾಗ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಚೌಕ ಮತ್ತು ಬಾಣಗಳನ್ನು ಬಿಡಿಸಿ ಲಿಂಕ್ಡ್ ಲಿಸ್ಟ್ (ಒಂದೊಂದು ಚೌಕವೂ ಮುಂದಿನದರ ವಿಳಾಸವನ್ನು ಇಟ್ಟುಕೊಂಡಿರುವ ಸರಪಳಿ) ಲೆಕ್ಕ ಬಿಡಿಸುತ್ತಾಳೆ. ಹೋದ ವಾರ ನಡುವಿನ ಒಂದು ಚೌಕವನ್ನು ಅಳಿಸುವ ಮೊದಲು ಮುಂದಿನದರ ವಿಳಾಸವನ್ನು ಎತ್ತಿಟ್ಟುಕೊಳ್ಳದಿದ್ದರೆ ಉಳಿದ ಇಡೀ ಸರಪಳಿ ಕೈತಪ್ಪುತ್ತದೆ ಎಂದು ಅರ್ಧ ಗಂಟೆ ನನಗೆ ತಿಳಿಸಿ ಹೇಳಿದಳು. ಎಲ್ಲಿ ತಪ್ಪುತ್ತದೆಂದು ನಾನು ಕೇಳಿದಾಗ ಉತ್ತರ ಹೇಳದೆ, ಪೆನ್ನನ್ನು ನನ್ನ ಕೈಗೆ ಕೊಟ್ಟಳು.