ಅಗ್ಗದ ಲೈಟ್ ಸ್ಟ್ಯಾಂಡ್ ತರುವ ಮುಂಚೆ ಅದರ ಕಾಲರ್ ನೋಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮದುವೆ, ಕುಬಸ (ಸೀಮಂತ), ತೊಟ್ಟಿಲು ಕಾರ್ಯಗಳ ಫೋಟೊ ತೆಗೆಯುವ ಗೆಳೆಯರು ಇದನ್ನು ಪೂರ್ತಿ ಓದಿ. ಫ್ಲ್ಯಾಶ್ ಅನ್ನು ಕ್ಯಾಮೆರಾದಿಂದ ಬಿಚ್ಚಿ, ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಫೋಟೊ ಹೊಡೆಯುವುದನ್ನು ಈಗ ತುಂಬಾ ಜನ ಕಲಿತಿದ್ದಾರೆ. ಒಳ್ಳೆಯದೇ. ಮುಖದ ಮೇಲೆ ಬೆಳಕು ಎಷ್ಟು ಚೆಂದ ಬೀಳುತ್ತದೆ ಅಂತ ನೋಡಿದವರಿಗೇ ಗೊತ್ತು. ಆದರೆ ಆರೇಳು ನೂರು ರೂಪಾಯಿಯ ಸ್ಟ್ಯಾಂಡ್ ತಂದು, ಅದರ ತಲೆಯ ಮೇಲೆ ಫ್ಲ್ಯಾಶ್, ಬೆಳಕು ಹರಡುವ ಛತ್ರಿ ಎಲ್ಲ ಏರಿಸಿ, ಅದರ ಕೆಳಗೆ ಜನರನ್ನು ಕೂರಿಸುತ್ತಿದ್ದೇವೆ. ಆ ಜನರಲ್ಲಿ ಬಸುರಿಯರೂ ಇರುತ್ತಾರೆ, ಕೂಸುಗಳೂ ಇರುತ್ತವೆ.

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ಒಂದು ಮನೆಯ ಮಾಳಿಗೆ ಮೇಲೆ ಕುಬಸ ಇತ್ತು. ಬಿಸಿಲು ಇಳಿದ ಮೇಲೆ ಬಸುರಿಯನ್ನು ಕೂರಿಸಿ ಉಡಿ ತುಂಬುತ್ತಿದ್ದರು. ಸುತ್ತ ಓಣಿಯ ಹೆಣ್ಣುಮಕ್ಕಳು, ಅವರ ಕಾಲಲ್ಲಿ ಮಕ್ಕಳು. ನನ್ನ ಸ್ಟ್ಯಾಂಡ್ ಏಳಡಿ ಎತ್ತರಕ್ಕೆ ಏರಿತ್ತು. ಮೇಲೆ ಒಂದು ಫ್ಲ್ಯಾಶ್, 43 ಇಂಚಿನ ಬಿಳಿ ಛತ್ರಿ. ಬುಡದಲ್ಲಿ ಮರಳಿನ ಚೀಲ ಕಟ್ಟಿದ್ದೆವು. ಕೈಕೆಳಗಿನ ಹುಡುಗ ಪಕ್ಕದಲ್ಲೇ ನಿಂತಿದ್ದ. ಗಾಳಿಯೂ ಅಷ್ಟೇನು ಇರಲಿಲ್ಲ.

ಟಕ್ ಅಂತ ಒಂದು ಸದ್ದು. ಮೇಲಿನ ಪೈಪ್ ಸರ್ರನೆ ಕೆಳಗಿನ ಪೈಪಿನೊಳಗೆ ಇಳಿಯಿತು. ಇಳಿದು ನಿಂತ ಏಟಿಗೆ ಛತ್ರಿ ಹಿಡಿಯುವ ಪ್ಲಾಸ್ಟಿಕ್ ಹೋಲ್ಡರ್ ಮುರಿಯಿತು. ಫ್ಲ್ಯಾಶ್, ಛತ್ರಿ ಎರಡೂ ಮುಂದಕ್ಕೆ ಹಾರಿದವು. ಹುಡುಗ ಕೈ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಛತ್ರಿಯ ಕಡ್ಡಿ ಒಬ್ಬ ಹುಡುಗಿಯ ತೋಳು ಗೀರಿತು, ರಕ್ತ ಬಂತು. ಫ್ಲ್ಯಾಶ್ ಬಸುರಿಯ ಕಾಲಿನ ಹತ್ತಿರವೇ ಶಹಾಬಾದ್ ಫರ್ಸಿ ಮೇಲೆ ಬಿದ್ದು ಎರಡು ತುಂಡಾಯಿತು. ಒಂದು ಗೇಣು ಆಚೀಚೆ ಆಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಒಂದು ಮಾತು ಗಮನಿಸಿ. ಸ್ಟ್ಯಾಂಡ್ ಬಿದ್ದಿರಲಿಲ್ಲ. ಮರಳಿನ ಚೀಲ ತನ್ನ ಕೆಲಸ ತಾನು ಮಾಡಿತ್ತು, ಮೂರೂ ಕಾಲು ನೆಟ್ಟಗೆ ನಿಂತಿದ್ದವು. ಸೋತದ್ದು ಕೀಲುಗಳು. ಸ್ಟ್ಯಾಂಡ್ ಕೊಳ್ಳುವಾಗ ನಾವು ಪೈಪ್ ನೋಡುತ್ತೇವೆ, ಎತ್ತರ ನೋಡುತ್ತೇವೆ, ಡಬ್ಬಿಯ ಮೇಲೆ ಬರೆದ ತೂಕ ನೋಡುತ್ತೇವೆ. ಮುರಿಯುವುದು ಮಾತ್ರ ಪೈಪ್ ಪೈಪ್ ಕೂಡುವ ಜಾಗ.

ಮನೆಗೆ ಬಂದು ಆ ಕಾಲರ್ ಅನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಲರ್ ಅಂದರೆ ಒಂದು ಪೈಪಿನ ಬಾಯಿಗೆ ಕೂಡಿಸಿದ ಕಪ್ಪು ಬಳೆ. ಅದರಲ್ಲಿ ಒಂದು ಸೀಳು ಬಿಟ್ಟಿರುತ್ತಾರೆ. ನಾಬ್ ತಿರುಗಿಸಿದರೆ ಸೀಳು ಕೂಡಿ ಬಳೆ ಬಿಗಿಯಾಗುತ್ತದೆ, ಒಳಗಿನ ಪೈಪನ್ನು ಅಮುಕಿ ಹಿಡಿಯುತ್ತದೆ. ಮೇಲಿನ ಪೂರ್ತಿ ಭಾರ ನಿಂತಿರುವುದು ಆ ಹಿಡಿತದ ಮೇಲೆ ಮಾತ್ರ. ಕೆಳಗೆ ಬೇರೆ ಯಾವ ಆಸರೆಯೂ ಇಲ್ಲ. ನನ್ನದರಲ್ಲಿ ಆ ಬಳೆ ಬರೀ ಪ್ಲಾಸ್ಟಿಕ್. ಬೋಲ್ಟ್ ಹೋಗುವ ತೂತಿನ ಹತ್ತಿರ ಗೋಡೆ ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಸೀಳಿದ್ದು ಅಲ್ಲಿಂದಲೇ. ಪ್ಲಾಸ್ಟಿಕ್ ದಿನ ಕಳೆದಂತೆ ಒತ್ತಡಕ್ಕೆ ಸ್ವಲ್ಪ ಸ್ವಲ್ಪ ಜಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ನಾವು ಇನ್ನೊಂದು ಸುತ್ತು ಜಾಸ್ತಿ ಬಿಗಿಯುತ್ತೇವೆ. ಅದು ಇನ್ನಷ್ಟು ಸವೆಯುತ್ತದೆ. ಅದರ ಮೇಲೆ ನಮ್ಮ ಕಡೆಯ ಬಿಸಿಲು. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ, ಬಿಸಿಲಲ್ಲಿ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟುತ್ತದೆ. ದಿನಾ ಹೀಗೆ ಬೆಂದು ಆರಿದ ಅಗ್ಗದ ಪ್ಲಾಸ್ಟಿಕ್ ಎಷ್ಟು ದಿನ ತಡೆಯುತ್ತದೆ ಹೇಳಿ.

ಬಿಲ್ ಇತ್ತು, ಅಂಗಡಿಗೆ ಹೋದೆ. ಕೊಳ್ಳುವಾಗ ಅದೇ ಕೌಂಟರ್‌ನಲ್ಲಿ ನಿಂತು ಹೇಳಿದ್ದರು, "ಐದು ಕೆಜಿ ತಡೀತದ್ರಿ ಅಣ್ಣಾರ, ಏನೂ ಆಗಂಗಿಲ್ಲ." ಮೇಲಿದ್ದ ಸಾಮಾನು ಎಲ್ಲ ಸೇರಿ ಒಂದೂವರೆ ಕೆಜಿ ದಾಟುವುದಿಲ್ಲ. ಈಗ ಅವರ ಮಾತು ಬೇರೆ. "ಬಿದ್ದು ಒಡೆದ ಮಾಲಿಗೆ ವಾರಂಟಿ ಬರಂಗಿಲ್ರಿ."

"ಬಿದ್ದು ಒಡೆದಿಲ್ರಿ, ಒಡೆದು ಬಿದ್ದದ" ಅಂದೆ. ಕೇಳಿಸಿಕೊಳ್ಳಲಿಲ್ಲ. ಕಂಪನಿಗೆ ಫೋನ್ ಮಾಡಿ ಅಂದರು. ಡಬ್ಬಿಯ ಮೇಲೆ ತಯಾರಕರ ಹೆಸರೂ ಇರಲಿಲ್ಲ, ತರಿಸಿದವರ ವಿಳಾಸವೂ ಇರಲಿಲ್ಲ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಅಂಗಡಿಯಲ್ಲೇ ಸ್ಟ್ಯಾಂಡ್ ಬಿಚ್ಚಿಸಿ, ಪೂರ್ತಿ ಎತ್ತರಕ್ಕೆ ಏರಿಸಿ. ನಾಬ್‌ಗಳನ್ನು ಎರಡು ಬೆರಳಲ್ಲಿ ಸಾಧಾರಣವಾಗಿ ಬಿಗಿಯಿರಿ. ಈಗ ತುದಿಯ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿ. ಪೈಪ್ ಒಂದು ನೂಲು ಇಳಿದರೂ ಅದು ಬೇಡ. ಜೋರಾಗಿ ಬಿಗಿದರೆ ಮಾತ್ರ ನಿಲ್ಲುತ್ತದೆ ಅನ್ನುವ ಸ್ಟ್ಯಾಂಡ್ ಕೂಡ ಬೇಡ, ನಾಳೆ ಸೀಳುವುದು ಅದೇ. ಕಾಲರ್ ಲೋಹದ್ದಿದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಆದರೆ ದಪ್ಪ ಇರಬೇಕು, ಬೋಲ್ಟಿನ ಸುತ್ತ ಬಿಳಿ ಗೆರೆ ಎದ್ದಿರಬಾರದು. ಆ ಬಿಳಿ ಗೆರೆ ಬಂತೆಂದರೆ ಒಳಗೆ ಸೀಳು ಶುರುವಾಗಿದೆ ಅಂತಲೇ ತಿಳಿಯಿರಿ. ನಿಮ್ಮ ಹತ್ತಿರ ಈಗಾಗಲೇ ಇರುವ ಸ್ಟ್ಯಾಂಡಿನಲ್ಲೂ ಇವತ್ತೇ ಅದನ್ನು ಹುಡುಕಿ ನೋಡಿ.

ಆಮೇಲೆ ತುದಿಯ ಮೊಳೆ, ಅಂದರೆ ಹೋಲ್ಡರ್ ಕೂರುವ ಕಡ್ಡಿ. ಇಂಥ ಲೈಟಿಂಗ್ ಸಾಮಾನಿಗೆ ಸಾಮಾನ್ಯವಾಗಿ ಅದರ ದಪ್ಪ ಒಂದೇ ಅಳತೆ, 16 ಮಿಲಿಮೀಟರ್, ಅಂದರೆ ಐದೆಂಟಾಂಶ ಇಂಚು. ಅದು ಗಟ್ಟಿ ಲೋಹದ್ದಿರಬೇಕು. ಕೆಲವು ಅಗ್ಗದವುಗಳಲ್ಲಿ ಪ್ಲಾಸ್ಟಿಕ್ ತಲೆಗೆ ಬರೀ ಕಾಲಿಂಚಿನ ಸ್ಕ್ರೂ ಕೂಡಿಸಿರುತ್ತಾರೆ, ಭಾರವೆಲ್ಲ ಆ ಸಣ್ಣ ಸ್ಕ್ರೂ ಮೇಲೆ ಬೀಳುತ್ತದೆ. ಎತ್ತರಕ್ಕೂ ಮರುಳಾಗಬೇಡಿ. ಒಂಬತ್ತು ಅಡಿ ಅನ್ನುವ ಅಗ್ಗದ ಸ್ಟ್ಯಾಂಡಿನ ಕೊನೆಯ ಪೈಪ್ ಬೆರಳಿಗಿಂತ ತೆಳ್ಳಗಿರುತ್ತದೆ. ಗಟ್ಟಿಯಾದ ಏಳಡಿಯದೇ ಸಾಕು. ಏರ್ ಕುಶನ್ ಇರುವುದು ಸಿಕ್ಕರೆ ಇನ್ನೂರು ಮುನ್ನೂರು ಜಾಸ್ತಿ ಕೊಟ್ಟು ಅದನ್ನೇ ತನ್ನಿ. ಅದರಲ್ಲಿ ಲಾಕ್ ತಪ್ಪಿದರೂ ಪೈಪಿನೊಳಗಿನ ಗಾಳಿ ಒತ್ತಿಕೊಂಡು ಮೇಲಿನ ಭಾಗ ನಿಧಾನಕ್ಕೆ ಇಳಿಯುತ್ತದೆ. ಆ ದಿನ ನನ್ನ ಸ್ಟ್ಯಾಂಡಿನಲ್ಲಿ ಅದೊಂದು ಇದ್ದಿದ್ದರೆ ಹುಡುಗನಿಗೆ ಕೈ ಚಾಚಲು ಸಮಯ ಸಿಗುತ್ತಿತ್ತು.

ಛತ್ರಿ ಹೋಲ್ಡರ್ ಬಗ್ಗೆ ಇದಕ್ಕಿಂತ ಜೋರಾಗಿ ಹೇಳಬೇಕು. ಇನ್ನೂರು ರೂಪಾಯಿಯ ಪ್ಲಾಸ್ಟಿಕ್ ಹೋಲ್ಡರ್ ದಯವಿಟ್ಟು ಬೇಡ. ಅದರ ಕೀಲಿನಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಚಕ್ರ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸ್ವಲ್ಪ ಸವೆದರೆ ಫ್ಲ್ಯಾಶ್ ತಾನಾಗಿ ತಲೆ ಬಗ್ಗಿಸುತ್ತದೆ. ಇನ್ನೊಂದು ತೊಂದರೆ, ಅದು ಫ್ಲ್ಯಾಶನ್ನು ಅದರ ಕಾಲಿನಿಂದ ಹಿಡಿಯುತ್ತದೆ. ಫ್ಲ್ಯಾಶಿನ ಕಾಲು ಬಹಳ ಸಲ ಪ್ಲಾಸ್ಟಿಕ್ಕೇ ಆಗಿರುತ್ತದೆ, ಏಟು ಬಿದ್ದರೆ ಮೊದಲು ಮುರಿಯುವುದೂ ಅದೇ. ಅದರ ಬದಲು ಎಸ್ ಆಕಾರದ ಬ್ರಾಕೆಟ್ ತನ್ನಿ. ಅದು ಫ್ಲ್ಯಾಶಿನ ಮೈಯನ್ನೇ ಎರಡು ಕಡೆಯಿಂದ ಅಮುಕಿ ಹಿಡಿಯುತ್ತದೆ. ಅದರಲ್ಲೇ ಛತ್ರಿ ತೂರಿಸುವ ತೂತೂ ಇರುತ್ತದೆ, ಬೋವೆನ್ಸ್ ಮೌಂಟ್ ಅನ್ನುವ ಜೋಡಣೆಯ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗಾಗಿಸುವ ಬಟ್ಟೆಯ ಡಬ್ಬಿ) ಕೂಡ ಕೂರುತ್ತದೆ. ರೇಟು ಎರಡು ಮೂರು ಪಟ್ಟು ಆಗಬಹುದು, ಆಗಲಿ.

ಲೋಹದ ಶೂ (ಫ್ಲ್ಯಾಶಿನ ಕಾಲು ಕೂರುವ ಜಾಗ) ಇರುವ ಹೋಲ್ಡರ್ ಈಗಾಗಲೇ ತಂದಿದ್ದರೆ ಅದರ ಒಳಗೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಫ್ಲ್ಯಾಶಿನ ಕಾಲಿನ ಕೆಳಗಿರುವ ಸಣ್ಣ ಪಿನ್‌ಗಳು ಆ ಲೋಹಕ್ಕೆ ತಾಗಿ ಶಾರ್ಟ್ ಆಗಬಹುದು. ಆಗ ಫ್ಲ್ಯಾಶ್ ತಾನೇ ಹೊಡೆದುಕೊಳ್ಳುತ್ತದೆ, ಇಲ್ಲವೇ ಹೊಡೆಯುವುದೇ ಇಲ್ಲ. ಎಷ್ಟೋ ಜನ ಟ್ರಿಗರ್, ಅಂದರೆ ದೂರದಿಂದ ಫ್ಲ್ಯಾಶ್ ಹೊಡೆಸುವ ಸಾಧನ, ಕೆಟ್ಟಿದೆ ಅಂದುಕೊಂಡು ಹೊಸ ಟ್ರಿಗರ್‌ಗೆ ದುಡ್ಡು ಸುರಿದಿದ್ದಾರೆ.

ಗಾಳಿಯ ಮಾತು. ಬೀದರ್ ಕೋಟೆ, ಅಷ್ಟೂರಿನ ಬಹಮನಿ ಗುಂಬಜ್‌ಗಳ ಬಯಲು, ನಮ್ಮ ಕಲಬುರಗಿಯ ಬುದ್ಧ ವಿಹಾರದ ಕಡೆ ಪ್ರಿ-ವೆಡ್ಡಿಂಗ್ ಫೋಟೊ ಅಂತ ಹೋಗುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಗಂಟೆಗೆ 15 ಕಿಲೋಮೀಟರ್ ಗಾಳಿ 43 ಇಂಚಿನ ಛತ್ರಿಗೆ ನೇರ ಬಡಿದರೆ ಹೆಚ್ಚುಕಮ್ಮಿ ಒಂದು ಕೆಜಿ ತೂಕದಷ್ಟು ತಳ್ಳುತ್ತದೆ. 30 ಕಿಲೋಮೀಟರ್ ಆದರೆ ಎರಡು ಕೆಜಿ ಅಲ್ಲ, ನಾಲ್ಕು ಕೆಜಿ ಹತ್ತಿರ. ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಅದೂ ಏಳಡಿ ಎತ್ತರದಲ್ಲಿ. ಮೊದಲನೆಯದಕ್ಕೆ ಐದು ಕೆಜಿ ಚೀಲ ಸಾಕಾಗಬಹುದು. ಎರಡನೆಯದಕ್ಕೆ ಯಾವ ಚೀಲವನ್ನೂ ನಂಬಬೇಡಿ. ಒಂದು ಕಾಲು ಗಾಳಿ ಹೋಗುವ ದಿಕ್ಕಿಗೆ ಚಾಚಿರಲಿ, ಭಾರ ಗಾಳಿ ಬರುವ ಕಡೆಯ ಕಾಲುಗಳ ಮೇಲೆ ಇರಲಿ. ಮುಂಗಾರಿಗೆ ಮುಂಚಿನ ಸುಂಟರಗಾಳಿ ಹೇಳಿ ಕೇಳಿ ಬರುವುದಿಲ್ಲ. ಬಯಲಲ್ಲಿ ಛತ್ರಿ ಮಡಚಿಡಿ. ಫ್ಲ್ಯಾಶನ್ನು ಒಬ್ಬರು ಕೋಲಿಗೆ ಕಟ್ಟಿ ಕೈಯಲ್ಲೇ ಹಿಡಿಯಲಿ. ಪೇಂಟಿನವರು ರೋಲರ್‌ಗೆ ಹಾಕುವ ಉದ್ದ ಮಾಡುವ ಕೋಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬಹಳ ಅನುಕೂಲ. ಇನ್ನು ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹಾಕಬೇಕೆಂದರೆ ಮೊದಲೇ ಅನುಮತಿ ಕೇಳಿಕೊಳ್ಳಿ.

ದುಡ್ಡು ಉಳಿಸಬೇಡಿ ಅಂತ ಹೇಳುತ್ತಿಲ್ಲ. ಈ ಕಸುಬಲ್ಲಿ ಎಷ್ಟು ಸಿಗುತ್ತದೆ ಅಂತ ನನಗೂ ಗೊತ್ತು. ಉಳಿಸುವ ಜಾಗ ಬೇರೆ. ಛತ್ರಿ ಅಗ್ಗದ್ದೇ ಆಗಲಿ, ಬೆಳಕು ಒಂದೇ. ಭಾರಕ್ಕೆ ಅಂಗಡಿಯ ಚೀಲ ಬೇಕಿಲ್ಲ. ಗಟ್ಟಿ ಬಟ್ಟೆಯ ಕೈಚೀಲದಲ್ಲಿ ಮರಳು ತುಂಬಿ ಬಾಯಿ ಹೊಲಿದರೆ ಆಯಿತು, ಫರ್ಸಿ ಕಲ್ಲಿನ ತುಂಡಾದರೂ ನಡೆಯುತ್ತದೆ. ಹಳೆಯ ಸ್ಟುಡಿಯೊದವರು ಮಾರುವ ಕಬ್ಬಿಣದ ಸ್ಟ್ಯಾಂಡ್ ಸಿಕ್ಕರೆ ಬಿಡಬೇಡಿ. ಹೊರಲು ಭಾರ, ಆದರೆ ಅಲುಗುವುದಿಲ್ಲ. ಆದರೆ ಅವರ ಹಳೇ ಕಾಲದ ಫ್ಲ್ಯಾಶ್ ತಂದು ಸೀದಾ ಡಿಜಿಟಲ್ ಕ್ಯಾಮೆರಾಗೆ ಸಿಗಿಸಬೇಡಿ. ಅಂಥ ಕೆಲವುಗಳಿಂದ ಕ್ಯಾಮೆರಾ ಕಡೆಗೆ ಬರುವ ಟ್ರಿಗರ್ ವೋಲ್ಟೇಜ್ ಇನ್ನೂರು ದಾಟಿರುತ್ತದೆ, ಕ್ಯಾಮೆರಾ ಸುಟ್ಟುಹೋಗಬಹುದು.

ಸ್ಟ್ಯಾಂಡ್ ಎಲ್ಲಿಂದ ತಂದರೂ ಬಿಲ್ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನಿದೆ. ಅದಿಲ್ಲದ ಡಬ್ಬಿ ಮುಟ್ಟಬೇಡಿ. ಅಂಗಡಿಯವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನಾನೂ ಅಲ್ಲಿ ದೂರು ಬರೆಸಿದ್ದೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಮುರಿದ ತುಂಡುಗಳನ್ನು ಮಾತ್ರ ಸಿಟ್ಟಿನಲ್ಲಿ ಬಿಸಾಕಬೇಡಿ. ಸೀಳಿದ ಜಾಗ ಕಾಣುವ ಹಾಗೆ ಹತ್ತಿರದಿಂದ ಫೋಟೊ ತೆಗೆದು, ಬಿಲ್ ಜೊತೆ ಒಂದು ಚೀಲದಲ್ಲಿ ಹಾಕಿ ಎತ್ತಿಡಿ.